ಟೇಪಿನಲ್ಲಿ ದಾಖಲೆಗಳ ರಕ್ಷಣೆ: ಬರಹದ ದೋಷ ಮತ್ತು ಸಂಕೋಚನ

ಹಾಸನ ಸೀಮೆಯಲ್ಲಿ ಶೆಟ್ಟಿಹಳ್ಳಿ ಎಂಬ ಹೆಸರಿನ ಗ್ರಾಮ ಒಂದೇ ಅಲ್ಲ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳಲ್ಲೆಲ್ಲ ಈ ಹೆಸರು ಕೇಳಿಬರುತ್ತದೆ. ಅಲ್ಲಿಯ ಜನರಿಗೆ ಇದರಿಂದ ಯಾವ ತೊಡಕೂ ಇಲ್ಲ; ಯಾರ ಹೊಲ ಯಾವ ಶೆಟ್ಟಿಹಳ್ಳಿಯ ಎಲ್ಲೆಯಲ್ಲಿದೆ ಎಂಬುದನ್ನು ಅವರು ಬದುವಿನ ಮೇಲೆ ನಿಂತೇ ತೋರಿಸಬಲ್ಲರು. ಆದರೆ ದಾಖಲೆಯನ್ನು ಕಾಯುವ ಕಂಪ್ಯೂಟರು ಬದುವನ್ನು ಅರಿಯದು. ಅದಕ್ಕೆ ಊರೆಂದರೆ ಒಂದು ಸಂಖ್ಯೆ, ತಾಲ್ಲೂಕೆಂದರೆ ಇನ್ನೊಂದು ಸಂಖ್ಯೆ. ಆ ಸಂಖ್ಯೆಯ ಒಂದೇ ಒಂದು ಅಂಕಿ ಕೆಟ್ಟರೂ ಒಂದು ಶೆಟ್ಟಿಹಳ್ಳಿಯ ರೈತನ ಜಮೀನು ಮತ್ತೊಂದು ಶೆಟ್ಟಿಹಳ್ಳಿಯ ಲೆಕ್ಕಕ್ಕೆ ಸೇರಿಹೋಗಬಹುದು. ಹೆಸರು ಒಂದೇ ಆದ್ದರಿಂದ ನೋಡಿದವರಿಗೆ ತಪ್ಪು ತಟ್ಟನೆ ಕಾಣುವುದೂ ಇಲ್ಲ.

ಈ ಶೆಟ್ಟಿಹಳ್ಳಿಗಳಲ್ಲಿ ಒಂದು ನಾಡಿಗೆಲ್ಲ ಪರಿಚಿತವಾದುದು. ಹೇಮಾವತಿಯ ದಂಡೆಯಲ್ಲಿ ೧೮೬೦ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿದ ಚರ್ಚು, ಗೊರೂರಿನ ಅಣೆಕಟ್ಟು ೧೯೭೯ರಲ್ಲಿ ಪೂರ್ಣಗೊಂಡ ಮೇಲೆ ಹಿನ್ನೀರಿನ ಪಾಲಾಯಿತು. ಮಳೆಗಾಲದಲ್ಲಿ ಅದರ ಗೋಡೆಗಳು ನೀರಿನಲ್ಲಿ ಮುಳುಗುತ್ತವೆ. ಬೇಸಗೆಯಲ್ಲಿ ಮತ್ತೆ ಮೇಲೇಳುತ್ತವೆ. ನೀರು ಬರುವುದೆಂದು ಮೊದಲೇ ತಿಳಿದಿದ್ದುದರಿಂದ ಜನರು ತಮ್ಮ ಸಾಮಾನು ಸರಂಜಾಮುಗಳೊಡನೆ ಬೇರೆ ನೆಲೆಗೆ ಹೋಗಲು ಸಾಧ್ಯವಾಯಿತು. ದಾಖಲೆಗೆ ಒದಗುವ ಆಪತ್ತು ಹೀಗೆ ಮುನ್ಸೂಚನೆ ಕೊಟ್ಟು ಬರುವುದು ಅಪರೂಪ. ಗೆದ್ದಲು, ಬೆಂಕಿ, ತೇವ, ಯಂತ್ರದ ಕೇಡು, ಮನುಷ್ಯನ ಮರೆವು ಇವು ಯಾವುವೂ ನೋಟೀಸು ಹೊರಡಿಸುವುದಿಲ್ಲ. ಆದಕಾರಣ ದಾಖಲೆಗೆ ಎರಡನೆಯ ಪ್ರತಿ ಬೇಕು. ಆ ಪ್ರತಿಯನ್ನು ಕಂಪ್ಯೂಟರುಗಳು ಕಾಂತದ ಟೇಪಿನ ಮೇಲೆ ಹೇಗೆ ಬರೆಯುತ್ತವೆ, ಬರೆಯುವಾಗ ತಪ್ಪಾದರೆ ಏನು ಮಾಡುತ್ತವೆ, ಸ್ಥಳ ಉಳಿಸಲು ಮಾಹಿತಿಯನ್ನು ಹೇಗೆ ಕುಗ್ಗಿಸುತ್ತವೆ ಎಂಬುದನ್ನು ಇಲ್ಲಿ ಸ್ಥೂಲವಾಗಿ ವಿವರಿಸಲಾಗಿದೆ.

ಎರಡನೆಯ ಪ್ರತಿಯ ಅಗತ್ಯ

ಒಂದೇ ಪ್ರತಿಯನ್ನು ನಂಬಿ ಕೂರಬಾರದೆಂಬ ವಿವೇಕ ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರ ಬಹುಕಾಲ ಹೆಸರಿನಲ್ಲಿ ಮಾತ್ರ ಉಳಿದಿತ್ತು. ೧೯೦೫ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ಅದರ ತಾಳೆಗರಿಯ ಪ್ರತಿಯನ್ನು ಗುರುತಿಸಿ, ೧೯೦೯ರಲ್ಲಿ ಮುದ್ರಿಸಿದ ಮೇಲೆಯೇ ಅದು ಲೋಕದ ಸೊತ್ತಾಯಿತು. ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನ ಕ್ರಿ.ಶ. ಸುಮಾರು ೪೫೦ರದೆಂದು ಎಣಿಕೆ. ಅದರ ಮೂಲಶಿಲೆ ಈಗ ಮೈಸೂರಿನ ವಸ್ತುಸಂಗ್ರಹಾಲಯದಲ್ಲಿದೆ. ಹಲ್ಮಿಡಿಯಲ್ಲಿ ಅದರ ಪ್ರತಿಕೃತಿಯನ್ನು ನಿಲ್ಲಿಸಲಾಗಿದೆ. ಮೂಲ ಒಂದೆಡೆ, ಪ್ರತಿ ಇನ್ನೊಂದೆಡೆ ಎಂಬ ಈ ಏರ್ಪಾಡೇ ಇಂದಿನ ಕಂಪ್ಯೂಟರ್ ಭಾಷೆಯಲ್ಲಿ ಬ್ಯಾಕಪ್ ಎನಿಸಿಕೊಳ್ಳುತ್ತದೆ.

ನಮ್ಮ ದೈನಂದಿನ ಬಾಳಿನಲ್ಲಿ ಇದರ ಬೆಲೆ ಏನೆಂಬುದು ಉಪಾಧ್ಯಾಯರಿಗೆ ಚೆನ್ನಾಗಿ ಗೊತ್ತು. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಒಮ್ಮೆ ಬರೆದ ಜನ್ಮದಿನಾಂಕವೇ ವರ್ಗಾವಣೆ ಪತ್ರಕ್ಕೆ ಹೋಗುತ್ತದೆ, ಎಸ್.ಎಸ್.ಎಲ್.ಸಿ. ಅಂಕಪಟ್ಟಿಗೆ ಹೋಗುತ್ತದೆ, ಮುಂದೆ ನೌಕರಿಗೆ ಸೇರುವ ದಿನ ಮತ್ತು ನಿವೃತ್ತಿಯ ದಿನ ಎರಡನ್ನೂ ಗೊತ್ತುಮಾಡುತ್ತದೆ. ರೈತನಿಗೆ ಪಹಣಿಯೂ ಅಂತಹುದೇ. ಕರ್ನಾಟಕ ಸರ್ಕಾರದ ‘ಭೂಮಿ’ ಯೋಜನೆ ೨೦೦೦ದ ದಶಕದ ಆರಂಭದಲ್ಲಿ ೧೭೭ ತಾಲ್ಲೂಕುಗಳಲ್ಲಿ ಜಾರಿಗೆ ಬಂದು, ಸುಮಾರು ೬೭ ಲಕ್ಷ ರೈತರಿಗೆ ಸಂಬಂಧಿಸಿದ ೨ ಕೋಟಿಯಷ್ಟು ಪಹಣಿಗಳು ಕಂಪ್ಯೂಟರಿಗೆ ಸೇರಿದವು. ಕೈಬರಹದ ಪಹಣಿಗೆ ಮಾನ್ಯತೆ ಇಲ್ಲವಾಯಿತು. ಕಾಗದದ ವಹಿ ಹಿಂದೆ ಸರಿದ ಮೇಲೆ ಕಂಪ್ಯೂಟರಿನ ಬರಹವನ್ನು ಕಾಯುವ ಹೊಣೆ ಇಮ್ಮಡಿಯಾಯಿತೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಟೇಪಿನ ರಚನೆ

ಕಂಪ್ಯೂಟರಿನ ಟೇಪು ಹಾಡು ಕೇಳುವ ಕ್ಯಾಸೆಟ್ಟಿನ ಟೇಪಿನ ಜಾತಿಯದೇ. ತೆಳುವಾದ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಕಾಂತಗುಣವುಳ್ಳ ಪುಡಿಯ ಲೇಪ. ಆ ಲೇಪದ ಸೂಕ್ಷ್ಮ ಭಾಗಗಳನ್ನು ಈ ದಿಕ್ಕಿಗೋ ಆ ದಿಕ್ಕಿಗೋ ಕಾಂತೀಕರಿಸುವುದರಿಂದ ೦ ಮತ್ತು ೧ ಎಂಬ ಎರಡು ಚಿಹ್ನೆಗಳು ಮೂಡುತ್ತವೆ. ಈ ಚಿಹ್ನೆಗೆ ಬಿಟ್ ಎಂದು ಹೆಸರು. ಎಂಟು ಬಿಟ್‌ಗಳ ಗುಂಪು ಒಂದು ಬೈಟ್. ೧೯೫೧ರಲ್ಲಿ ಅಮೆರಿಕದ ಯೂನಿವ್ಯಾಕ್ ಕಂಪ್ಯೂಟರಿನೊಡನೆ ಟೇಪು ಬಳಕೆಗೆ ಬಂದಿತು. ೧೯೬೪ರಲ್ಲಿ ಐ.ಬಿ.ಎಂ. ಸಂಸ್ಥೆ ತನ್ನ ಸಿಸ್ಟಂ ೩೬೦ ಕಂಪ್ಯೂಟರುಗಳೊಡನೆ ಒಂಬತ್ತು ಜಾಡುಗಳ ಟೇಪನ್ನು ತಂದಿತು. ಅರ್ಧ ಅಂಗುಲ ಅಗಲದ ಪಟ್ಟಿಯಲ್ಲಿ ಉದ್ದಕ್ಕೆ ಒಂಬತ್ತು ಜಾಡುಗಳು; ಅಡ್ಡಸಾಲಿನಲ್ಲಿ ಎಂಟು ಬಿಟ್‌ಗಳು ಮಾಹಿತಿಗೆ, ಒಂಬತ್ತನೆಯದು ತಾಳೆ ನೋಡುವುದಕ್ಕೆ.

ಟೇಪಿನ ಮೇಲೆ ಅಕ್ಷರಗಳನ್ನು ಒಂದೊಂದಾಗಿ ಬರೆಯುವುದಿಲ್ಲ. ಬ್ಲಾಕ್ ಎಂಬ ಗುಂಪುಗಳಾಗಿ ಬರೆಯುತ್ತಾರೆ. ಎರಡು ಬ್ಲಾಕುಗಳ ನಡುವೆ ಹಳೆಯ ಟೇಪುಗಳಲ್ಲಿ ಅಂಗುಲದ ಹತ್ತರಲ್ಲಿ ಆರು ಭಾಗದಷ್ಟು ಬರಿಯ ಜಾಗ ಬಿಡಬೇಕಾಗುತ್ತಿತ್ತು. ಟೇಪು ವೇಗ ಪಡೆಯುವುದಕ್ಕೂ ನಿಲ್ಲುವುದಕ್ಕೂ ಆ ಜಾಗ ಬೇಕು. ಅಂಗುಲಕ್ಕೆ ೧೬೦೦ ಅಕ್ಷರ ಹಿಡಿಸುವ ಟೇಪಿನಲ್ಲಿ ೮೦ ಅಕ್ಷರದ ಒಂದು ಸಾಲು ಅಂಗುಲದ ಇಪ್ಪತ್ತರಲ್ಲಿ ಒಂದು ಭಾಗವನ್ನಷ್ಟೇ ಆಕ್ರಮಿಸುತ್ತದೆ. ಸಾಲಿಗೊಂದು ಬ್ಲಾಕಿನಂತೆ ಬರೆದರೆ ಬರಹದ ಹನ್ನೆರಡರಷ್ಟು ಜಾಗ ಖಾಲಿ ಹೋಗುತ್ತದೆ. ನೂರು ಸಾಲುಗಳನ್ನು ಒಂದು ಬ್ಲಾಕಿಗೆ ಸೇರಿಸಿದರೆ ಐದು ಅಂಗುಲ ಬರಹಕ್ಕೆ ಅರ್ಧ ಅಂಗುಲಕ್ಕಿಂತ ತುಸು ಹೆಚ್ಚು ಖಾಲಿ. ಆದರೆ ಬ್ಲಾಕು ದೊಡ್ಡದಾದಷ್ಟೂ, ಅದು ಕೆಟ್ಟಾಗ ಆಗುವ ನಷ್ಟವೂ ದೊಡ್ಡದು. ಮಿತವ್ಯಯಕ್ಕೂ ಕ್ಷೇಮಕ್ಕೂ ಇರುವ ಈ ಎಳೆದಾಟ ಸಂಕೋಚನದ ಪ್ರಸ್ತಾಪದಲ್ಲಿ ಮತ್ತೆ ಎದುರಾಗುತ್ತದೆ.

ತಪ್ಪನ್ನು ಕಾಣುವ ಬಗೆ

ಟೇಪಿನ ಮೇಲೆ ಒಂದು ಧೂಳಿನ ಕಣ ಕುಳಿತರೆ ಸಾಕು, ಹೆಡ್ಡಿಗೂ ಲೇಪಕ್ಕೂ ನಡುವೆ ಅಂತರ ಬಿದ್ದು ಹಲವು ಬಿಟ್‌ಗಳು ಮೂಡದೆ ಹೋಗುತ್ತವೆ. ಲೇಪ ಉದುರಿರಬಹುದು, ಪಟ್ಟಿ ಸುಕ್ಕಾಗಿರಬಹುದು, ಹೆಡ್ಡಿಗೆ ಕೊಳೆ ಹತ್ತಿರಬಹುದು. ಆದ್ದರಿಂದ ತಪ್ಪೇ ಆಗದಂತೆ ಬರೆಯುವುದು ಅಸಾಧ್ಯ. ಆದ ತಪ್ಪನ್ನು ಕೂಡಲೇ ಕಂಡುಹಿಡಿಯುವುದು ಸಾಧ್ಯ.

ಇದರ ಮೊದಲ ಉಪಾಯಕ್ಕೆ ಪ್ಯಾರಿಟಿ ಎಂದು ಹೆಸರು. ಅಡ್ಡಸಾಲಿನ ಒಂಬತ್ತು ಬಿಟ್‌ಗಳಲ್ಲಿ ೧ಗಳ ಸಂಖ್ಯೆ ಯಾವಾಗಲೂ ಬೆಸವಾಗಿರಬೇಕೆಂಬುದು ನಿಯಮ. ೪ ಎಂಬ ಅಂಕಿಯನ್ನು ೦೦೧೧೦೧೦೦ ಎಂದು ಬರೆಯುವ ಪದ್ಧತಿ ಇದೆ. ಇದರಲ್ಲಿ ೧ಗಳು ಮೂರು, ಬೆಸ. ಆದ್ದರಿಂದ ಒಂಬತ್ತನೆಯ ಬಿಟ್ ೦. ಕೊನೆಯ ಬಿಟ್ ಕೆಟ್ಟು ೧ ಆದರೆ ಅದು ೦೦೧೧೦೧೦೧, ಅಂದರೆ ೫ ಎಂಬ ಅಂಕಿಯೇ ಆಗಿಬಿಡುತ್ತದೆ. ತಾಲ್ಲೂಕಿನ ಸಂಖ್ಯೆಯಲ್ಲಿ ಹೀಗಾದರೆ ಜಮೀನು ಊರು ಬದಲಿಸಿದಂತೆಯೇ ಸರಿ. ಆದರೆ ಈಗ ೧ಗಳು ನಾಲ್ಕಾಗಿ ಸರಿಸಂಖ್ಯೆ ಬಂದದ್ದರಿಂದ ಯಂತ್ರ ಮೋಸಹೋಗುವುದಿಲ್ಲ. ಒಂದೇ ಸಾಲಿನಲ್ಲಿ ಎರಡು ಬಿಟ್ ಕೆಟ್ಟರೆ ಮಾತ್ರ ಲೆಕ್ಕ ಮತ್ತೆ ಬೆಸಕ್ಕೆ ಬಂದು ತಪ್ಪು ಕಣ್ತಪ್ಪಿಸುತ್ತದೆ.

ಆದಕಾರಣ ಎರಡನೆಯ ತಾಳೆಯೂ ಬೇಕಾಯಿತು. ಅಂಕಗಳ ವಹಿಯನ್ನು ಬರೆದ ಉಪಾಧ್ಯಾಯರಿಗೆ ಇದರ ಮರ್ಮ ಕೂಡಲೇ ಹೊಳೆಯುತ್ತದೆ. ಪ್ರತಿ ವಿದ್ಯಾರ್ಥಿಯ ಒಟ್ಟು ಅಂಕವನ್ನು ಅಡ್ಡಕ್ಕೆ ಕೂಡುತ್ತಾರೆ. ಪ್ರತಿ ವಿಷಯದ ಒಟ್ಟನ್ನು ಕೆಳಕ್ಕೆ ಕೂಡುತ್ತಾರೆ. ಎಲ್ಲೋ ಒಂದು ಅಂಕ ತಪ್ಪಿದ್ದರೆ ಒಂದು ಅಡ್ಡಸಾಲು, ಒಂದು ಉದ್ದಸಾಲು ಎರಡೂ ಹೊಂದುವುದಿಲ್ಲ. ಅವು ಕೂಡುವ ಮನೆಯಲ್ಲೇ ತಪ್ಪು. ಟೇಪಿನಲ್ಲೂ ಅಡ್ಡ ತಾಳೆಯ ಜೊತೆಗೆ ಬ್ಲಾಕಿನ ಉದ್ದಕ್ಕೂ ತಾಳೆ ಇರುತ್ತದೆ. ಇವಲ್ಲದೆ ಇಡೀ ಬ್ಲಾಕನ್ನು ಒಂದು ದೊಡ್ಡ ಸಂಖ್ಯೆಯಂತೆ ಭಾವಿಸಿ, ವಿಶೇಷ ರೀತಿಯ ಭಾಗಾಕಾರ ಮಾಡಿ, ಬಂದ ಶೇಷವನ್ನು ಬ್ಲಾಕಿನ ಕೊನೆಗೆ ಬರೆಯುವ ಸಿ.ಆರ್.ಸಿ. ಎಂಬ ವಿಧಾನವೂ ಉಂಟು. ಓದುವಾಗ ಅದೇ ಭಾಗಾಕಾರ ಅದೇ ಶೇಷವನ್ನು ಕೊಡದಿದ್ದರೆ ಬ್ಲಾಕು ಕೆಟ್ಟಿದೆಯೆಂದು ತಿಳಿಯಬೇಕು.

ತಪ್ಪಿನ ಜಾಗ ಗೊತ್ತಾದರೆ ಅದನ್ನು ತಿದ್ದಲೂ ಬರುತ್ತದೆ. ಒಟ್ಟು ಅಂಕ ಉಳಿದು ಒಂದು ವಿಷಯದ ಅಂಕ ಅಳಿಸಿಹೋದರೆ ಕಳೆದು ಕಂಡುಹಿಡಿಯುವಂತೆಯೇ ಇದು. ಅಂಗುಲಕ್ಕೆ ೧೬೦೦ ಅಕ್ಷರದ ಟೇಪಿನಲ್ಲಿ ಒಂದು ಜಾಡು ಪೂರ್ತಿ ಮಂಕಾದರೂ ಉಳಿದ ಎಂಟರಿಂದ ಅದನ್ನು ತುಂಬಬಹುದಾಗಿತ್ತು. ೧೯೭೩ರಲ್ಲಿ ಬಂದ ೬೨೫೦ ಅಕ್ಷರದ ಪದ್ಧತಿಯಲ್ಲಿ ಎರಡು ಜಾಡುಗಳವರೆಗೂ ಸರಿಪಡಿಸಬಹುದಾಯಿತು. ಇಂದಿನ ಟೇಪುಗಳು ರೀಡ್ ಮತ್ತು ಸಾಲೊಮನ್ ಎಂಬ ಗಣಿತಜ್ಞರು ೧೯೬೦ರಲ್ಲಿ ಪ್ರಕಟಿಸಿದ ಸಂಕೇತವನ್ನು ಎರಡು ಅಂತಸ್ತಿನಲ್ಲಿ ಬಳಸುತ್ತವೆ.

ತಾಳೆಯನ್ನು ಯಾವಾಗ ನೋಡಬೇಕು ಎಂಬುದೂ ಮುಖ್ಯವೇ. ವರ್ಷಗಳ ನಂತರ ಓದುವಾಗ ತಪ್ಪು ಕಂಡರೆ ಮೂಲ ಆಗಲೇ ನಾಶವಾಗಿರಬಹುದು. ಅದಕ್ಕಾಗಿ ಬರೆಯುವ ಹೆಡ್ಡಿನ ಹಿಂದೆಯೇ ಓದುವ ಹೆಡ್ಡನ್ನು ಜೋಡಿಸಿರುತ್ತಾರೆ. ಬರೆದ ಅಕ್ಷರ ಕಣ್ಣೆವೆಯಿಕ್ಕುವಷ್ಟರಲ್ಲಿ ಓದುವ ಹೆಡ್ಡಿನ ಕೆಳಗೆ ಹಾಯುತ್ತದೆ. ಮೂಲ ಇನ್ನೂ ಕೈಯಲ್ಲಿರುವಾಗಲೇ ತಪ್ಪು ತಿಳಿಯುತ್ತದೆ.

ಡ್ರೈವರಿನ ಕರ್ತವ್ಯ

ಟೇಪನ್ನು ಓಡಿಸುವ ಯಂತ್ರ ಡ್ರೈವ್. ಆ ಯಂತ್ರಕ್ಕೂ ಕಂಪ್ಯೂಟರಿನ ಉಳಿದ ಕಾರ್ಯಕ್ರಮಗಳಿಗೂ ನಡುವೆ ನಿಂತು ಆಜ್ಞೆಯನ್ನೂ ವರದಿಯನ್ನೂ ಸಾಗಿಸುವ ಕಾರ್ಯಕ್ರಮಕ್ಕೆ ಡ್ರೈವರ್ ಎಂದು ಹೆಸರು. ಅರಸನಿಗೂ ರಣರಂಗಕ್ಕೂ ನಡುವಿನ ದೂತನಂತೆ ಇದರ ಸ್ಥಾನ. ದೂತ ಕಂಡದ್ದನ್ನು ಕಂಡಂತೆ ಹೇಳಬೇಕು. ಸೋಲನ್ನು ಗೆಲುವೆಂದು ವರದಿ ಮಾಡಿದರೆ ರಾಜ್ಯವೇ ಹಾಳು.

ಬರೆದ ಬ್ಲಾಕಿನಲ್ಲಿ ದೋಷವಿದೆಯೆಂದು ಯಂತ್ರ ಹೇಳಿತೆನ್ನಿ. ಹಳೆಯ ಸುರುಳಿ ಟೇಪುಗಳ ಕಾಲದಲ್ಲಿ ಡ್ರೈವರ್ ಟೇಪನ್ನು ಒಂದು ಬ್ಲಾಕಿನಷ್ಟು ಹಿಂದಕ್ಕೆ ಸರಿಸುತ್ತಿತ್ತು. ಮತ್ತೆ ಬರೆಯಲು ನೋಡುತ್ತಿತ್ತು. ಧೂಳು ಸರಿದುಹೋಗಿದ್ದರೆ ಈ ಸಲ ಬರಹ ಸರಿಯಾಗುತ್ತದೆ. ಆಗಲೂ ಆಗದಿದ್ದರೆ ಅಲ್ಲಿ ಲೇಪವೇ ಕೆಟ್ಟಿರಬೇಕೆಂದು ಊಹಿಸಿ, ಮೂರು ನಾಲ್ಕು ಅಂಗುಲ ಟೇಪನ್ನು ಅಳಿಸಿ ದಾಟಿ, ಮುಂದಿನ ಒಳ್ಳೆಯ ಜಾಗದಲ್ಲಿ ಅದೇ ಬ್ಲಾಕನ್ನು ಬರೆಯುತ್ತಿತ್ತು. ಕೆಟ್ಟ ಜಾಗವನ್ನು ಅಳಿಸದೆ ಬಿಟ್ಟರೆ ಮುಂದೆ ಓದುವವನಿಗೆ ಅರ್ಧ ಬ್ಲಾಕೊಂದು ಅಡ್ಡಬಂದು ಎಣಿಕೆಯೇ ತಪ್ಪುತ್ತದೆ. ಆದ್ದರಿಂದ ಅಳಿಸುವ ಹೆಜ್ಜೆ ಅನಿವಾರ್ಯ. ನಿಗದಿತ ಸಂಖ್ಯೆಯ ಪ್ರಯತ್ನಗಳೆಲ್ಲ ವಿಫಲವಾದ ಮೇಲೆ ಮಾತ್ರ ಅದು ಶಾಶ್ವತ ದೋಷವೆಂದು ವರದಿಯಾಗುತ್ತಿತ್ತು. ಇಂದಿನ ಡ್ರೈವುಗಳು ಈ ಕೆಲಸವನ್ನು ತಾವೇ ಮಾಡುತ್ತವೆ. ೨೦೦೦ದಲ್ಲಿ ಬಳಕೆಗೆ ಬಂದ ಎಲ್.ಟಿ.ಓ. ಜಾತಿಯ ಟೇಪಿನಲ್ಲಿ, ಕೆಟ್ಟ ಭಾಗವನ್ನು ಟೇಪು ನಿಲ್ಲಿಸದೆಯೇ ಮುಂದಿನ ಜಾಗದಲ್ಲಿ ಮತ್ತೊಮ್ಮೆ ಬರೆಯಲಾಗುತ್ತದೆ.

ಎಲ್ಲ ದೋಷಕ್ಕೂ ಒಂದೇ ಮದ್ದಲ್ಲ. ಟೇಪಿನ ಲೇಪ ಕೆಟ್ಟಿದ್ದರೆ ಬೇರೆ ಟೇಪು ಹಾಕಬೇಕು. ಒಂದರ ಮೇಲೊಂದು ಹೊಸ ಟೇಪುಗಳೂ ಕೆಟ್ಟವೆಂದು ಕಂಡರೆ ದೋಷ ಯಂತ್ರದ್ದಿರಬೇಕು, ಹೆಡ್ಡನ್ನು ಶುಚಿಮಾಡಬೇಕು. ಬರೆಯದಂತೆ ಬೀಗಮುದ್ರೆ ಹಾಕಿದ ಟೇಪಾಗಿದ್ದರೆ ಎಷ್ಟು ಸಲ ಪ್ರಯತ್ನಿಸಿದರೂ ಫಲವಿಲ್ಲ, ಪ್ರಯತ್ನಿಸಲೂಬಾರದು. ಹಳೆಯ ಸುರುಳಿಗಳ ಹಿಂಬದಿಯಲ್ಲಿ ಒಂದು ಪ್ಲಾಸ್ಟಿಕ್ ಉಂಗುರ ಇರುತ್ತಿತ್ತು. ಉಂಗುರ ತೆಗೆದರೆ ಆ ಸುರುಳಿಯ ಮೇಲೆ ಬರೆಯುವಂತಿಲ್ಲ. ಇಂದಿನ ಕಾರ್ಟ್ರಿಜ್‌ಗಳಲ್ಲಿ ಆ ಕೆಲಸವನ್ನು ಒಂದು ಚಿಕ್ಕ ಗುಂಡಿ ಮಾಡುತ್ತದೆ. ಒಳ್ಳೆಯ ಡ್ರೈವರ್ ಈ ಭೇದಗಳನ್ನು ಅರಿತು, ಯಾವುದನ್ನು ತಾನೇ ನೇರ್ಪಡಿಸಬಹುದು, ಯಾವುದನ್ನು ಮನುಷ್ಯನ ಗಮನಕ್ಕೆ ತರಬೇಕು ಎಂಬುದನ್ನು ವಿವೇಚಿಸುತ್ತದೆ. ತಾನೇ ತಿದ್ದಿದ ಸಣ್ಣ ದೋಷಗಳನ್ನೂ ಎಣಿಸಿಡುತ್ತದೆ. ತಿದ್ದುಪಡಿಗಳ ಎಣಿಕೆ ದಿನೇ ದಿನೇ ಏರುತ್ತಿದ್ದರೆ ಆ ಟೇಪಿನ ಆಯುಷ್ಯ ಮುಗಿಯುತ್ತ ಬಂದಿದೆಯೆಂದು ಅರ್ಥ.

ಟೇಪಿನ ಕೊನೆಯೂ ಒಂದು ವಿಶೇಷ ಸಂದರ್ಭ. ಪಟ್ಟಿ ಪೂರ್ತಿ ಮುಗಿಯುವುದಕ್ಕೆ ಮೊದಲೇ ಯಂತ್ರ ಎಚ್ಚರಿಕೆ ಕೊಡುತ್ತದೆ. ಅದು ದೋಷವಲ್ಲ, ಸೂಚನೆ. ಆಗ ಕೈಯಲ್ಲಿರುವುದನ್ನು ಮುಗಿಸಿ, ಮುಕ್ತಾಯದ ಗುರುತು ಬರೆದು, ಮುಂದಿನ ಟೇಪನ್ನು ಕೇಳಬೇಕು. ಸೂಚನೆಯನ್ನು ದೋಷವೆಂದು ತಿಳಿದು ಕೆಲಸ ಕೈಬಿಡುವ ಡ್ರೈವರೂ ಕೆಟ್ಟದ್ದೇ. ಸೂಚನೆಯನ್ನು ಲೆಕ್ಕಿಸದೆ ಬರೆಯುತ್ತಲೇ ಹೋಗುವುದೂ ಕೆಟ್ಟದ್ದೇ.

ತಡವಾಗಿ ಬರುವ ದೋಷವಾರ್ತೆ

ಹೊಸ ಡ್ರೈವುಗಳಲ್ಲಿ ವೇಗಕ್ಕಾಗಿ ಬಫರ್ ಎಂಬ ತಾತ್ಕಾಲಿಕ ಉಗ್ರಾಣ ಇರುತ್ತದೆ. ಕಂಪ್ಯೂಟರು ಕೊಟ್ಟ ಮಾಹಿತಿ ಮೊದಲು ಅಲ್ಲಿಗೆ ಸೇರುತ್ತದೆ. ಸೇರಿದ ಕೂಡಲೇ ಡ್ರೈವ್ ‘ಆಯಿತು’ ಎನ್ನುತ್ತದೆ. ಟೇಪಿನ ಮೇಲೆ ನಿಜವಾಗಿ ಬರೆಯುವುದು ಅನಂತರ. ಇದು ಅಂಚೆಯ ರಶೀತಿಯಂತೆ. ಕಾಗದವನ್ನು ಅಂಚೆ ಕಛೇರಿ ಸ್ವೀಕರಿಸಿತೆಂದು ರಶೀತಿ ಹೇಳುತ್ತದೆಯೇ ಹೊರತು ವಿಳಾಸದಾರನಿಗೆ ಮುಟ್ಟಿತೆಂದು ಹೇಳುವುದಿಲ್ಲ.

ತೊಡಕು ಇಲ್ಲಿದೆ. ಹತ್ತನೆಯ ಬ್ಲಾಕು ಟೇಪಿಗೆ ಹತ್ತದೆ ಹೋದರೆ ಆ ಸುದ್ದಿ ಕಂಪ್ಯೂಟರಿಗೆ ತಿಳಿಯುವುದು ಇಪ್ಪತ್ತನೆಯ ಬ್ಲಾಕನ್ನು ಕೊಡುವಾಗ ಇರಬಹುದು. ದೋಷ ಇಪ್ಪತ್ತನೆಯದರಲ್ಲಿ ಎಂದು ತಪ್ಪಾಗಿ ತಿಳಿದ ಡ್ರೈವರ್ ಅದೊಂದನ್ನೇ ಮತ್ತೆ ಬರೆದರೆ ನಡುವಿನ ಹತ್ತು ಬ್ಲಾಕುಗಳು ಸದ್ದಿಲ್ಲದೆ ಕಣ್ಮರೆಯಾಗುತ್ತವೆ. ನಕಲು ಪೂರ್ಣವಾಯಿತೆಂದು ವರದಿ, ಒಳಗೆ ಮಾತ್ರ ರಂಧ್ರ. ಆದ್ದರಿಂದ ದೋಷ ಬಂದಾಗ ಟೇಪು ಎಲ್ಲಿ ನಿಂತಿದೆ, ಬಫರಿನಲ್ಲಿ ಇನ್ನೂ ಬರೆಯದೆ ಉಳಿದ ಬ್ಲಾಕುಗಳೆಷ್ಟು ಎಂಬುದನ್ನು ಡ್ರೈವ್‌ನಿಂದ ಕೇಳಿ ತಿಳಿಯಬೇಕು, ಅಲ್ಲಿಂದಲೇ ಮುಂದುವರಿಸಬೇಕು. ಅದು ಸಾಧ್ಯವಾಗದಿದ್ದರೆ ಆ ಟೇಪಿನ ಕೆಲಸವನ್ನೇ ಮೊದಲಿನಿಂದ ಆರಂಭಿಸಬೇಕು.

ಬಫರನ್ನು ಬರಿದುಮಾಡಿಸುವ ಆಜ್ಞೆಯೂ ಉಂಟು. ಕಡತದ ಕೊನೆಯ ಗುರುತನ್ನು ತಡಮಾಡದೆ ಬರೆಯಲು ಹೇಳಿದರೆ, ಅದಕ್ಕೆ ಹಿಂದಿನದೆಲ್ಲವೂ ಟೇಪಿಗೆ ಸೇರಿದ ಮೇಲೆಯೇ ಡ್ರೈವ್ ಉತ್ತರ ಕೊಡುತ್ತದೆ. ನಂಬತಕ್ಕದ್ದು ಆ ಉತ್ತರವನ್ನು. ಬಹಳ ಕಾರ್ಯಕ್ರಮಗಳು ಪ್ರತಿ ಬರಹದ ಉತ್ತರವನ್ನು ನೋಡಿ, ಕಡತ ಮುಚ್ಚುವಾಗಿನ ಉತ್ತರವನ್ನು ಮಾತ್ರ ಉಪೇಕ್ಷಿಸುತ್ತವೆ. ತಡವಾಗಿ ಬರುವ ದೋಷವಾರ್ತೆ ಬರುವುದು ಬಹುಮಟ್ಟಿಗೆ ಆ ಕೊನೆಯ ಗಳಿಗೆಯಲ್ಲೇ.

ಸಂಕೋಚನ

ದಾಖಲೆಗಳು ಬೆಳೆದಂತೆ ಟೇಪುಗಳೂ ಸಾಲವು. ಆಗ ಮಾಹಿತಿಯನ್ನು ಕುಗ್ಗಿಸಿ ಬರೆಯುವ ಉಪಾಯ ಬೇಕಾಗುತ್ತದೆ. ಹಾಜರಿ ಪುಸ್ತಕದಲ್ಲಿ ಒಬ್ಬ ವಿದ್ಯಾರ್ಥಿ ಸತತ ಇಪ್ಪತ್ತಾರು ದಿನ ಬಂದಿದ್ದರೆ ‘ಹಾಜರು’ ಎಂದು ಇಪ್ಪತ್ತಾರು ಸಲ ಬರೆಯುವ ಬದಲು ‘ಹಾಜರು, ೨೬ ಸಲ’ ಎಂದರೆ ಸಾಕು. ಅರ್ಥ ಕಿಂಚಿತ್ತೂ ಕಳೆಯದೆ ಬರಹ ಕುಗ್ಗಿತು. ಇದು ಸಂಕೋಚನದ ಅತಿ ಸರಳ ರೂಪ.

ಇದಕ್ಕಿಂತ ಸಮರ್ಥವಾದ ಕ್ರಮವನ್ನು ಇಸ್ರೇಲಿನ ಲೆಂಪೆಲ್ ಮತ್ತು ಝಿವ್ ಎಂಬ ವಿದ್ವಾಂಸರು ೧೯೭೭ ಮತ್ತು ೧೯೭೮ರಲ್ಲಿ ಪ್ರಕಟಿಸಿದರು. ಸಾವಿರಾರು ಪಹಣಿಗಳಲ್ಲಿ ‘ಹೊಳೆನರಸೀಪುರ ತಾಲ್ಲೂಕು, ಹಾಸನ ಜಿಲ್ಲೆ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಎರಡನೆಯ ಸಲ ಬಂದಾಗ ಅದನ್ನು ಪೂರ್ತಿ ಬರೆಯದೆ, ‘ಇಷ್ಟು ಅಕ್ಷರ ಹಿಂದಕ್ಕೆ ಹೋಗಿ, ಅಲ್ಲಿಂದ ಇಷ್ಟು ಅಕ್ಷರ ತೆಗೆದುಕೊ’ ಎಂದು ಸೂಚಿಸಿದರಾಯಿತು. ಟೇಪು ಡ್ರೈವುಗಳ ಒಳಗಿನ ಸಂಕೋಚನವೆಲ್ಲ ಬಹುತೇಕ ಈ ಮನೆತನಕ್ಕೇ ಸೇರಿದ್ದು. ಕನ್ನಡ ಬರಹಕ್ಕೆ ಇದರಿಂದ ಒಂದು ವಿಶೇಷ ಲಾಭವಿದೆ. ಇಂದು ರೂಢಿಯಲ್ಲಿರುವ ಯೂನಿಕೋಡಿನ ಯು.ಟಿ.ಎಫ್.-೮ ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಚಿಹ್ನೆಗೆ ಮೂರು ಬೈಟ್ ಬೇಕು. ಅದರಲ್ಲಿ ಮೊದಲನೆಯ ಬೈಟ್ ಎಲ್ಲ ಚಿಹ್ನೆಗಳಿಗೂ ಒಂದೇ, ಎರಡನೆಯದು ಎರಡರಲ್ಲೊಂದು. ಹೀಗೆ ಪುನರುಕ್ತಿ ಹೇರಳವಾಗಿರುವುದರಿಂದ ಕನ್ನಡದ ಪಠ್ಯ ಚೆನ್ನಾಗಿ ಕುಗ್ಗುತ್ತದೆ.

ಆದರೆ ಎಲ್ಲವೂ ಕುಗ್ಗುವುದಿಲ್ಲ. ಛಾಯಾಚಿತ್ರಗಳು ಸಾಮಾನ್ಯವಾಗಿ ಆಗಲೇ ಕುಗ್ಗಿಸಿದ ರೂಪದಲ್ಲಿರುತ್ತವೆ. ಒಮ್ಮೆ ಹಿಂಡಿದ ಕಬ್ಬನ್ನು ಮತ್ತೆ ಗಾಣಕ್ಕೆ ಕೊಟ್ಟರೆ ರಸ ಬರುವುದಿಲ್ಲ. ಇಂತಹ ಮಾಹಿತಿಯನ್ನು ಮತ್ತೆ ಕುಗ್ಗಿಸಹೋದರೆ ಅದು ತುಸು ಹಿಗ್ಗುವುದೂ ಉಂಟು. ಎಲ್.ಟಿ.ಓ. ಡ್ರೈವುಗಳು ಇದನ್ನು ತಾವೇ ಗಮನಿಸಿ ಅಂತಹ ಭಾಗವನ್ನು ಇದ್ದಂತೆಯೇ ಬರೆಯುತ್ತವೆ. ೨೦೨೧ರಲ್ಲಿ ಬಂದ ಎಲ್.ಟಿ.ಓ. ಒಂಬತ್ತನೆಯ ಪೀಳಿಗೆಯ ಕಾರ್ಟ್ರಿಜ್ ಮೇಲೆ ೧೮ ಟೆರಾಬೈಟ್, ೪೫ ಟೆರಾಬೈಟ್ ಎಂದು ಎರಡು ಅಳತೆಗಳು ಕಾಣುತ್ತವೆ. ಮೊದಲನೆಯದು ನಿಜವಾದ ಜಾಗ. ಎರಡನೆಯದು, ಮಾಹಿತಿ ಎರಡೂವರೆ ಪಟ್ಟು ಕುಗ್ಗೀತೆಂಬ ಎಣಿಕೆಯ ಮೇಲೆ ಹೇಳಿದ್ದು. ಹಳೆಯ ವಹಿಗಳ ಚಿತ್ರಗಳನ್ನು ತುಂಬುವವರು ಮೊದಲನೆಯದನ್ನೇ ನಂಬಿ ಲೆಕ್ಕ ಹಾಕಬೇಕು.

ವೇಗದ ಮೇಲೂ ಇದರ ಪರಿಣಾಮವಿದೆ. ಎರಡು ಪಟ್ಟು ಕುಗ್ಗುವ ಮಾಹಿತಿಯನ್ನು ಡ್ರೈವ್ ಎರಡು ಪಟ್ಟು ವೇಗದಲ್ಲಿ ನುಂಗುತ್ತದೆ. ಕಂಪ್ಯೂಟರು ಅಷ್ಟು ವೇಗವಾಗಿ ಉಣಿಸದಿದ್ದರೆ ಟೇಪು ನಿಂತು, ಹಿಂದೆ ಸರಿದು, ಮತ್ತೆ ಓಡಬೇಕಾಗುತ್ತದೆ. ಪದೇ ಪದೇ ಹೀಗಾದರೆ ಟೇಪೂ ಹೆಡ್ಡೂ ಸವೆಯುತ್ತವೆ. ಸವೆದಂತೆ ಬರಹದ ದೋಷಗಳೂ ಹೆಚ್ಚುತ್ತವೆ.

ಸಂಕೋಚನ ಮತ್ತು ದೋಷ ಕೂಡಿದಾಗ

ಪುನರುಕ್ತಿ ವ್ಯರ್ಥವೆಂದು ಸಂಕೋಚನ ಅದನ್ನು ತೆಗೆದುಹಾಕುತ್ತದೆ. ಆದರೆ ಪುನರುಕ್ತಿಯಲ್ಲಿ ಒಂದು ರಕ್ಷಣೆಯೂ ಇದೆ. ‘ಹೊಳೆನರಸೀಪುರ’ ಎಂಬುದು ಸಾವಿರ ಸಲ ಬರೆದಿದ್ದು ಒಂದು ಕಡೆ ಅಕ್ಷರ ಕೆಟ್ಟರೆ ಓದುಗ ಊಹಿಸಿ ಓದಬಲ್ಲ. ಕುಗ್ಗಿಸಿದ ಬರಹದಲ್ಲಿ ಆ ಹೆಸರು ಒಂದೇ ಸಲ ಇದ್ದು, ಉಳಿದ ಕಡೆಯೆಲ್ಲ ಅದರತ್ತ ಕೈತೋರಿಸುವ ಸೂಚನೆಗಳಿರುತ್ತವೆ. ಆ ಒಂದೇ ಜಾಗ ಕೆಟ್ಟರೆ ಸೂಚನೆಗಳೆಲ್ಲ ಸುಳ್ಳಾಗುತ್ತವೆ. ಒಂದು ಬಿಟ್ ಕೆಟ್ಟದ್ದರಿಂದ ಮುಂದಿನ ಪುಟಗಳೆಲ್ಲ ಅರ್ಥಹೀನವಾಗಬಹುದು.

ಇದಕ್ಕೆ ಪರಿಹಾರ ಮೂರು. ಮೊದಲನೆಯದಾಗಿ, ಇಡೀ ಟೇಪನ್ನು ಒಂದೇ ಸರಪಳಿಯಾಗಿ ಕುಗ್ಗಿಸದೆ, ಭಾಗಭಾಗವಾಗಿ, ಪ್ರತಿ ಭಾಗವೂ ಸ್ವತಂತ್ರವಾಗಿ ಬಿಡಿಸಿಕೊಳ್ಳುವಂತೆ ಕುಗ್ಗಿಸಬೇಕು. ಆಗ ಒಂದು ಭಾಗ ಕೆಟ್ಟರೂ ಮುಂದಿನದು ಉಳಿಯುತ್ತದೆ. ಎರಡನೆಯದಾಗಿ, ಕ್ರಮ ತಪ್ಪಬಾರದು. ಮೊದಲು ಕುಗ್ಗಿಸಿ, ಅನಂತರ ತಾಳೆಯ ಮತ್ತು ತಿದ್ದುಪಡಿಯ ಬಿಟ್‌ಗಳನ್ನು ಸೇರಿಸಬೇಕು. ಬೇಡದ ಪುನರುಕ್ತಿಯನ್ನು ತೆಗೆದು, ಬೇಕಾದ ಪುನರುಕ್ತಿಯನ್ನು ಲೆಕ್ಕ ಹಾಕಿ ಕೂಡಿಸುವುದೇ ಇದರ ಮರ್ಮ. ಮೂರನೆಯದಾಗಿ, ಕುಗ್ಗಿಸುವ ಮೊದಲಿನ ಮೂಲ ಮಾಹಿತಿಗೂ ಒಂದು ತಾಳೆ ಸಂಖ್ಯೆಯನ್ನು ಕಟ್ಟಿಡಬೇಕು. ಟೇಪು ಸರಿಯಾಗಿದ್ದು ಕುಗ್ಗಿಸುವ ಯಂತ್ರವೇ ತಪ್ಪಿದ್ದರೆ ಅದನ್ನು ಹಿಡಿಯಲು ಅದೊಂದೇ ದಾರಿ.

ಇದರೊಡನೆ ಒಂದು ಲೌಕಿಕ ಎಚ್ಚರವೂ ಅಗತ್ಯ. ಯಾವ ಪೀಳಿಗೆಯ ಡ್ರೈವ್, ಬ್ಲಾಕಿನ ಗಾತ್ರ ಎಷ್ಟು, ಸಂಕೋಚನ ಇದೆಯೇ ಇಲ್ಲವೇ, ಯಾವ ಕಾರ್ಯಕ್ರಮದಿಂದ ಬರೆದದ್ದು, ಯಾವ ದಿನ ಎಂಬುದನ್ನು ಕಾರ್ಟ್ರಿಜ್ ಮೇಲಿನ ಚೀಟಿಯಲ್ಲೂ ಬೇರೊಂದು ಕಾಗದದ ವಹಿಯಲ್ಲೂ ಬರೆದಿಡಬೇಕು. ಆ ಬಗೆಯ ಸಂಕೋಚನವನ್ನು ಅರಿಯದ ಡ್ರೈವಿಗೆ ಟೇಪು ಮೂಕವಾಗಿಯೇ ಇರುತ್ತದೆ.

ಓದಿ ನೋಡಿದ ಮೇಲೆಯೇ ನಕಲು

ಇಷ್ಟೆಲ್ಲ ಆದರೂ ನಕಲು ಸಿದ್ಧವಾಯಿತೆಂದು ಹೇಳುವಂತಿಲ್ಲ. ಟೇಪಿನಿಂದ ಒಂದು ದಾಖಲೆಯನ್ನು ಮತ್ತೆ ಹೊರತೆಗೆದು, ಮೂಲದೊಡನೆ ಹೋಲಿಸಿ, ಎರಡೂ ಒಂದೇ ಎಂದು ಕಂಡ ಮೇಲೆಯೇ ಅದು ನಕಲು. ಅಲ್ಲಿಯವರೆಗೆ ಅದು ನಂಬಿಕೆ ಮಾತ್ರ.

ಎರಡು ಪ್ರಸಂಗಗಳು ಇಲ್ಲಿ ಸ್ಮರಣೀಯ. ೨೦೧೧ರ ಫೆಬ್ರವರಿಯಲ್ಲಿ ಗೂಗಲ್ ಸಂಸ್ಥೆಯ ಅಂಚೆಸೇವೆಯಲ್ಲಿ ಒಂದು ಕಾರ್ಯಕ್ರಮದೋಷದಿಂದ ಶೇಕಡ ೦.೦೨ರಷ್ಟು ಬಳಕೆದಾರರ ಪತ್ರಗಳು ಕಾಣದಾದವು. ಆ ಪತ್ರಗಳಿಗೆ ಹಲವೆಡೆ ಪ್ರತಿಗಳಿದ್ದವು. ಆದರ ಜೊತೆಗೆ ದೋಷವೂ ಆ ಪ್ರತಿಗಳಿಗೆಲ್ಲ ಹಬ್ಬಿತು. ಕೊನೆಗೆ ಕೈಹಿಡಿದದ್ದು ಕಂಪ್ಯೂಟರುಗಳ ಸಂಪರ್ಕದಿಂದ ದೂರವಿದ್ದ ಟೇಪು. ಇದಕ್ಕೆ ವಿರುದ್ಧವಾದುದು ಅಪೊಲೊ ೧೧ರ ಕಥೆ. ೧೯೬೯ರಲ್ಲಿ ಚಂದ್ರನಿಂದ ಬಂದ ಚಿತ್ರಸಂಕೇತಗಳನ್ನು ಹಿಡಿದಿಟ್ಟ ಮೂಲ ಟೇಪುಗಳನ್ನು, ಟೇಪಿನ ಕೊರತೆಯ ಕಾಲದಲ್ಲಿ ಬಹುಶಃ ಅಳಿಸಿ ಮರುಬಳಕೆ ಮಾಡಲಾಗಿತ್ತೆಂದು ಅಮೆರಿಕದ ನಾಸಾ ೨೦೦೯ರಲ್ಲಿ ತಿಳಿಸಿತು. ಆ ಟೇಪುಗಳ ಮೇಲೆ ಬರಹದ ದೋಷವಿರಲಿಲ್ಲ. ಕಾಯುವ ಕ್ರಮದಲ್ಲಿ ದೋಷವಿತ್ತು.

ಪ್ರತಿಯನ್ನು ಬೇರೆ ಊರಿನಲ್ಲಿ ಇಡಬೇಕೆಂಬ ಮಾತಿಗೆ ಹಾಸನದಲ್ಲೇ ಹೋಲುವ ನಿದರ್ಶನವಿದೆ. ಇಸ್ರೋ ಸಂಸ್ಥೆಯ ಪ್ರಧಾನ ನಿಯಂತ್ರಣ ಕೇಂದ್ರ ೧೯೮೨ರಲ್ಲಿ ಹಾಸನದಲ್ಲಿ ಸ್ಥಾಪಿತವಾಗಿ ಇನ್ಸಾಟ್ ಉಪಗ್ರಹಗಳ ಯೋಗಕ್ಷೇಮ ನೋಡುತ್ತ ಬಂದಿತು. ೨೦೦೫ರಲ್ಲಿ ಭೋಪಾಲದಲ್ಲಿ ಮತ್ತೊಂದು ನಿಯಂತ್ರಣ ಕೇಂದ್ರ ಆರಂಭವಾಯಿತು. ಆಕಾಶದ ಯಂತ್ರಕ್ಕೇ ನೆಲದ ಮೇಲೆ ಎರಡು ನೆಲೆ ಬೇಕಾದರೆ, ನೆಲದ ದಾಖಲೆಗೆ ಒಂದೇ ಬೀರು ಸಾಲದು.

ಶಾಲೆಯೊಂದಕ್ಕೆ ದೊಡ್ಡ ಟೇಪು ಯಂತ್ರ ಬೇಕೆಂದಿಲ್ಲ. ಟೇಪಿನಿಂದ ಕಲಿಯಬೇಕಾದ ಶಿಸ್ತು ಬೇಕು. ದಾಖಲಾತಿ ಪುಸ್ತಕ, ಅಂಕಗಳ ವಹಿ, ವರ್ಗಾವಣೆ ಪತ್ರಗಳ ಕಟ್ಟು ಇವುಗಳ ಪ್ರತಿ ಮೂರಿರಲಿ. ಅವು ಎರಡು ಬಗೆಯ ಸಾಧನಗಳಲ್ಲಿರಲಿ. ಒಂದು ಬೇರೆ ಊರಿನಲ್ಲಿರಲಿ. ಪ್ರತಿ ವರ್ಷ ಒಂದು ಗೊತ್ತಾದ ದಿನ ಎಲ್ಲಿಂದಲಾದರೂ ನಾಲ್ಕಾರು ಹೆಸರುಗಳನ್ನು ಆರಿಸಿ, ಪ್ರತಿಯಿಂದ ತೆಗೆದು, ಮೂಲದೊಡನೆ ಅಕ್ಷರ ಅಕ್ಷರ ತಾಳೆ ನೋಡಲಿ. ಹೊಂದದಿದ್ದುದನ್ನು ಮುಚ್ಚಿಡದೆ ಬರೆದಿಡಲಿ. ಇದಕ್ಕೆ ಹಣಕ್ಕಿಂತ ಹೆಚ್ಚಾಗಿ ಒಬ್ಬರ ಅರ್ಧ ದಿನದ ಗಮನ ಬೇಕು. ದಾನಿಗಳು ಯಂತ್ರ ಕೊಡಿಸಬಲ್ಲರು, ಆ ಅರ್ಧ ದಿನವನ್ನು ಶಾಲೆಯವರೇ ಕೊಡಬೇಕು. ಮೂವತ್ತು ವರ್ಷಗಳ ಹಿಂದೆ ಶಾಲೆ ಬಿಟ್ಟ ವಿದ್ಯಾರ್ಥಿಯೊಬ್ಬ ಒಂದು ಬೆಳಗ್ಗೆ ಬಾಗಿಲಲ್ಲಿ ನಿಂತು ತನ್ನ ಜನ್ಮದಿನಾಂಕದ ದೃಢೀಕರಣ ಕೇಳಿದಾಗ, ಆತನ ಹೆಸರು, ಊರು, ತಾಲ್ಲೂಕು ಬರೆದಂತೆಯೇ ಸಿಕ್ಕರೆ ಆ ಶ್ರಮವೆಲ್ಲ ಸಾರ್ಥಕ.